ಕೂಪರೇಜ್ ಗೆದ್ದವರ ಹೆಸರೆಲ್ಲಿ?

1937ನೆಯ ಇಸವಿಯಲ್ಲಿ ಈ ಮುಂಬಯಿ ನಗರದಲ್ಲಿ ನಡೆದ ಒಂದು ಸಂಗತಿಯನ್ನು ಕನ್ನಡ ಕಾರ್ಮಿಕ ಬಂಧುಗಳ ಮುಂದೆ ಇಡಬೇಕಾಗಿದೆ. ಆ ವರ್ಷದ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ಎಂಬ ಫುಟ್‌ಬಾಲ್ ತಂಡ ಗೆದ್ದುಕೊಂಡಿತು. ಗೆದ್ದದ್ದು ಯಾರ ಮೇಲೆ? ಕಲ್ಕತ್ತೆಯ ಮಹಮಡನ್ ಸ್ಪೋರ್ಟಿಂಗ್ ಮೇಲೆ. 1934ರಿಂದ ಕಲ್ಕತ್ತೆಯ ಲೀಗನ್ನು ವರ್ಷವರ್ಷವೂ ಬಿಡದೆ ಗೆಲ್ಲುತ್ತ ಬಂದು, ಹಿಂದೂಸ್ಥಾನದಲ್ಲೇ ತನಗೆ ಎದುರಿಲ್ಲ ಎನಿಸಿಕೊಂಡಿದ್ದ ತಂಡ ಅದು. ಗೋಲು ಒಂದೇ. ಆದರೆ ಆ ಒಂದು ಗೋಲಿನಿಂದ ಆದದ್ದೇನೆಂಬುದನ್ನು ತಿಳಿಯಬೇಕಾದರೆ ಆ ಕಪ್ಪಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು.

ರೋವರ್ಸ್ ಕಪ್ ಪ್ರಾರಂಭವಾದದ್ದು 1891ರಲ್ಲಿ, ಇದೇ ಮುಂಬಯಿಯಲ್ಲಿ. ಮೊದಲ ವರ್ಷ ಗೆದ್ದದ್ದು ವೂಸ್ಟರ್ ರೆಜಿಮೆಂಟು. ಅಲ್ಲಿಂದ 1936ರವರೆಗೂ ಅದನ್ನು ಎತ್ತಿಕೊಂಡು ಹೋದವರೆಲ್ಲ ಬಿಳಿಯರ ಪಲ್ಟನ್ನಿನವರೇ. ದಂಡಿನ ರೊಟ್ಟಿ ಮಾಂಸ ತಿಂದು, ದಿನಕ್ಕೆರಡು ಹೊತ್ತು ಕವಾಯತು ಮಾಡಿ, ಚರ್ಮದ ಬೂಟು ತೊಟ್ಟು ಆಡುವ ಸೋಲ್ಜರುಗಳ ಎದುರು ಈ ನೆಲದ ಜನ ನಿಲ್ಲಲಾರರೆಂದು ಆಳುವವರು ನಂಬಿದ್ದರು, ಆಳಿಸಿಕೊಂಡವರಲ್ಲಿಯೂ ಅನೇಕರು ನಂಬಿದ್ದರು. 1923ರಲ್ಲಿ ಮೋಹನ್ ಬಗಾನ್ ತಂಡ ಅಂತಿಮ ಪಂದ್ಯದವರೆಗೂ ಬಂದು ಡರ್ಹಾಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ಆಮೇಲೆ 14 ವರ್ಷ ಕಾದು ಆ ಕಪ್ಪಿನ ಮೇಲೆ ಮೊಟ್ಟಮೊದಲು ಕೈಯಿಟ್ಟ ಭಾರತೀಯ ತಂಡ ಕಲ್ಕತ್ತೆಯದಲ್ಲ, ಮುಂಬಯಿಯದಲ್ಲ, ನಮ್ಮ ಬೆಂಗಳೂರಿನದು.

ಒಂದು ವರ್ಷ ಅದೃಷ್ಟದಿಂದ ಗೆದ್ದರು ಎಂದು ಯಾರಾದರೂ ಮೂಗು ಮುರಿಯುವುದಾದರೆ, ಅವರು 1938ರಲ್ಲಿಯೂ ಗೆದ್ದರು. 1940ರಲ್ಲಿ ಮತ್ತೆ ಅಂತಿಮ ಪಂದ್ಯಕ್ಕೆ ಬಂದು ಅದೇ ಮಹಮಡನ್ ಸ್ಪೋರ್ಟಿಂಗ್‌ಗೆ ಸೋತರು. 1948ರಲ್ಲಿ, ದೇಶ ಸ್ವತಂತ್ರವಾದ ಮೇಲೆ, ಮೋಹನ್ ಬಗಾನ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿ ಮೂರನೆಯ ಸಲ ಕಪ್ಪು ಹೊತ್ತರು.

ಈಗ ನಮ್ಮ ಪ್ರಶ್ನೆ. ಅವರ ಹೆಸರೇನು?

ನಮ್ಮ ಸಂಘದ ಕಚೇರಿಗೆ ಸಂಜೆ ಬರುವ ಹುಡುಗರಲ್ಲಿ ನಾವು ಈ ಪ್ರಶ್ನೆಯನ್ನು ಕೇಳಿ ನೋಡಿದೆವು. ಚಹಾದ ಲೋಟ ತೊಳೆಯುವ ಹುಡುಗನಿಂದ ಹಿಡಿದು ಗಲ್ಲದ ಮೇಲೆ ಕೂರುವವನವರೆಗೆ ಎಲ್ಲರಿಗೂ ಅರ್ಜೆಂಟೀನದ ಹನ್ನೊಂದು ಮಂದಿಯ ಹೆಸರು ಬಾಯಿಪಾಠ. ಮೆಸ್ಸಿಯ ಹೆಸರು ಬರೆದ ಅಂಗಿ ತೊಟ್ಟವರೇ ನಾಲ್ಕು ಜನ. ಬೆಂಗಳೂರು ಮುಸ್ಲಿಮ್ಸ್ ಎಂದರೆ, "ಅದು ಯಾವ ಊರಿನ ಜಮಾತು ಅಣ್ಣಾ?" ಎಂದ ಒಬ್ಬ. ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಗೆ ಹೇಳಿದವರು ಯಾರು? ರಾತ್ರಿ ಶಾಲೆಯ ಪಾಠದಲ್ಲಿ ಬರುತ್ತದೆಯೇ? ರಾಜ್ಯೋತ್ಸವದ ಭಾಷಣದಲ್ಲಿ ಬರುತ್ತದೆಯೇ? ವರ್ಷಕ್ಕೊಂದು ಸಲ ಊರಿನಿಂದ ಸಾಹಿತಿಗಳನ್ನು ಕರೆಸಿ, ಶಾಲು ಹೊದಿಸಿ, ಹಾರ ಹಾಕಿ, ಮೂರು ತಾಸು ಕನ್ನಡದ ಹಿರಿಮೆಯನ್ನು ಕೇಳುತ್ತೇವೆ. ಪುಲಕೇಶಿ ಬರುತ್ತಾನೆ, ಕೃಷ್ಣದೇವರಾಯ ಬರುತ್ತಾನೆ. ಮುಂಬಯಿಯ ಮೈದಾನದಲ್ಲಿ ಮುಂಬಯಿಯ ಜನರ ಕಣ್ಣೆದುರಿಗೇ ಗೆದ್ದು ಹೋದ ಹನ್ನೊಂದು ಮಂದಿ ಮಾತ್ರ ಬರುವುದಿಲ್ಲ.

ಬಂಗಾಳಿಗಳನ್ನು ನೋಡಿ. 1911ರ ಜುಲೈ 29ರಂದು ಮೋಹನ್ ಬಗಾನಿನ ಹನ್ನೊಂದು ಮಂದಿ ಈಸ್ಟ್ ಯಾರ್ಕ್‌ಶೈರ್ ಪಲ್ಟನ್ನನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದರು. ಹತ್ತು ಜನ ಬರಿಗಾಲಿನವರು, ಒಬ್ಬರಿಗೆ ಮಾತ್ರ ಬೂಟು. ಇವತ್ತಿಗೂ ಆ ದಿನವನ್ನು ಅವರು ಹಬ್ಬದಂತೆ ಆಚರಿಸುತ್ತಾರೆ. ಗೋಲು ಹೊಡೆದ ಶಿಬದಾಸ್ ಭಾದುರಿಯ ಹೆಸರಿನಲ್ಲಿ ಕಲ್ಕತ್ತೆಯಲ್ಲಿ ಬೀದಿಯಿದೆ. ಗೋಷ್ಠ ಪಾಲನ ಪ್ರತಿಮೆಯಿದೆ. ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ, 1989ರಲ್ಲಿ, ಭಾರತ ಸರಕಾರ ಅಂಚೆಚೀಟಿ ಹೊರಡಿಸಿತು. ಇದಕ್ಕಾಗಿ ಬಂಗಾಳಿಗಳ ಮೇಲೆ ನಾವು ಕರುಬುವುದಿಲ್ಲ. ತಮ್ಮವರನ್ನು ತಾವು ಎತ್ತಿ ಹಿಡಿದುಕೊಂಡರು, ಅಷ್ಟೇ. ಆದರೆ ಸಿಪಾಯಿಗಳ ಷೀಲ್ಡನ್ನು ಗೆದ್ದವರು ಅಮರರಾದರೆ, ಸಿಪಾಯಿಗಳ ಕಪ್ಪನ್ನು ಗೆದ್ದವರು ಅನಾಮಧೇಯರಾಗುವುದು ಯಾವ ನ್ಯಾಯ?

ಇದಕ್ಕೆ ಕಾರಣವಿದೆ, ಮತ್ತು ಆ ಕಾರಣವನ್ನು ಮುಚ್ಚಿಡದೆ ಹೇಳಬೇಕು.

ಬೆಂಗಳೂರಿನಲ್ಲಿ ಆಗ ಎರಡು ಊರುಗಳಿದ್ದವು. ಒಂದು ಪೇಟೆ, ಮೈಸೂರು ಮಹಾರಾಜರ ಆಡಳಿತಕ್ಕೆ ಸೇರಿದ್ದು. ಇನ್ನೊಂದು ದಂಡು, ಅಂದರೆ ಕಂಟೋನ್ಮೆಂಟು. 1809ರಲ್ಲಿ ಹಲಸೂರಿನ ಕಡೆ ಇಂಗ್ಲಿಷರು ಪಾಳೆಯ ಹೂಡಿದಲ್ಲಿಂದ ಬೆಳೆದ ಆ ಊರು 1947ರವರೆಗೂ ರೆಸಿಡೆಂಟನ ಕೈಕೆಳಗಿತ್ತು. ಆ ವರ್ಷವೇ ಅದು ಪೂರ್ಣವಾಗಿ ಮೈಸೂರಿಗೆ ಸೇರಿತು. ದಂಡಿನಲ್ಲಿ ಸೋಲ್ಜರುಗಳಿದ್ದಂತೆ ಅವರಿಗೆ ಬಟ್ಟೆ ಒಗೆಯುವವರು, ಅಡುಗೆ ಮಾಡುವವರು, ಕುದುರೆ ಕಟ್ಟುವವರು, ಕಸಾಯಿಗಳು, ದರ್ಜಿಗಳು, ಗಾರೆ ಕೆಲಸದವರು ಇದ್ದರು. ಮನೆಯಲ್ಲಿ ಉರ್ದು, ತಮಿಳು, ತೆಲುಗು, ಬೀದಿಯಲ್ಲಿ ಕನ್ನಡ, ಪರೇಡ್ ಮೈದಾನದಲ್ಲಿ ಸೋಲ್ಜರುಗಳ ಇಂಗ್ಲಿಷು. ಆ ಮೈದಾನದ ಅಂಚಿನಲ್ಲಿ ನಿಂತು, ಆಚೆ ಬಂದು ಬಿದ್ದ ಚೆಂಡನ್ನು ಒದ್ದು ಕೊಡುತ್ತ ಕೊಡುತ್ತ ಅವರ ಮಕ್ಕಳು ಆಟ ಕಲಿತರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಶಿವಾಜಿನಗರ ಇವು ಇಂದಿಗೂ ಕಾಲ್ಚೆಂಡಿನ ಕೇರಿಗಳೇ. ಗೌತಮಪುರದ ಜನ ಬ್ರೆಜಿಲಿನ ಪೆಲೆಗೆ ತಮ್ಮ ಬೀದಿಯಲ್ಲಿ ಪ್ರತಿಮೆ ನಿಲ್ಲಿಸಿದ್ದಾರೆ. ಕೂಲಿಯವರ ಕೇರಿ ಅದು, ಆಟದ ಮರ್ಯಾದೆ ಬಲ್ಲದ್ದು.

ಆದ್ದರಿಂದ ಆದದ್ದೇನು? ಮೈಸೂರಿನ ಚರಿತ್ರೆ ಬರೆಯುವವರಿಗೆ ದಂಡು ಪರಸ್ಥಳ. ಕನ್ನಡದ ಚರಿತ್ರೆ ಬರೆಯುವವರು ಚಾಮರಾಜಪೇಟೆಯಿಂದ ಈಚೆಗೆ ದಾಟಿ ಬರಲಿಲ್ಲ. ಇಂಗ್ಲಿಷರ ಚರಿತ್ರೆಯಲ್ಲಿ ಸೋಲ್ಜರು ಸೋತ ಆಟಕ್ಕೆ ಜಾಗವಿಲ್ಲ. ಮೂರು ಮನೆಯ ನೆಂಟ ಉಪವಾಸ ಬಿದ್ದ ಕತೆಯಾಯಿತು ಇದು.

ಇನ್ನು ತಂಡದ ಹೆಸರಿನ ವಿಚಾರ. ಕಳೆದ ತಿಂಗಳ ಕಾರ್ಯಕಾರಿ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು, "ಮುಸ್ಲಿಮ್ಸ್ ಎಂಬ ಹೆಸರನ್ನು ನಮ್ಮ ಸಂಘದ ಷೀಲ್ಡಿನ ಮೇಲೆ ಬರೆಸಿದರೆ ಕೋಮುವಾದಕ್ಕೆ ದಾರಿ ಮಾಡಿದಂತಾಗುವುದಿಲ್ಲವೇ?" ಎಂದು ಕೇಳಿದರು. ಅವರು ಒಳ್ಳೆಯವರು, ಸಂಘಕ್ಕಾಗಿ ದುಡಿದವರು. ಅವರ ಮನಸ್ಸು ನೋಯಿಸುವ ಉದ್ದೇಶ ನಮಗಿಲ್ಲ. ಆದರೆ ಮಾತಿಗೆ ಮಾತು ಹೇಳಲೇಬೇಕು. ಆ ಕಾಲದಲ್ಲಿ ಆಟವನ್ನೇ ಜಾತಿಮತಗಳಿಂದ ಹಂಚಿದ್ದರು. ಇದೇ ಮುಂಬಯಿಯಲ್ಲಿ, ಬ್ರೇಬೋರ್ನ್ ಮೈದಾನದಲ್ಲಿ, ಕ್ರಿಕೆಟ್ಟಿನ ಅತಿ ದೊಡ್ಡ ಪಂದ್ಯಾವಳಿಯಲ್ಲಿ ಆಡುತ್ತಿದ್ದ ತಂಡಗಳ ಹೆಸರೇನು? ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯೂರೋಪಿಯನ್ನರು, ಉಳಿದವರು! ಇದು ಸಲ್ಲದೆಂದು ಗಾಂಧೀಜಿಯವರು 1940ರಲ್ಲಿ ಬಹಿರಂಗವಾಗಿ ಹೇಳಿದರು. ಆದರೂ ಅದು ನಿಂತದ್ದು 1946ಕ್ಕೆ. ಆ ಹಿಂದೂ ತಂಡಕ್ಕೆ ಆಡಿದ ವಿಜಯ್ ಮರ್ಚಂಟರ ಹೆಸರನ್ನು ಕೋಮುವಾದವೆಂದು ಯಾರಾದರೂ ಅಳಿಸಿದರೇ? ವಾಂಖೇಡೆ ಕ್ರೀಡಾಂಗಣದಲ್ಲಿ ಅವರ ಹೆಸರಿನ ಪೆವಿಲಿಯನ್ ಇದೆ. ಇರಲಿ, ಇರಬೇಕಾದದ್ದೇ. ಹಾಗಾದರೆ ಒಬ್ಬರ ಹೆಸರು ಚರಿತ್ರೆ, ಇನ್ನೊಬ್ಬರ ಹೆಸರು ಕೋಮುವಾದ, ಇದೆಂಥ ತಕ್ಕಡಿ ಸ್ವಾಮೀ?

1948ನೆಯ ಇಸವಿಯನ್ನು ಒಂದು ಕ್ಷಣ ನೆನೆಯಿರಿ. ದೇಶ ಒಡೆದು ಒಂದು ವರ್ಷ. ರೈಲುಗಳಲ್ಲಿ ಹೆಣಗಳು ಬಂದ ಕಾಲ. ಜನವರಿಯಲ್ಲಿ ಮಹಾತ್ಮರನ್ನೇ ಕೊಂದ ವರ್ಷ. ಆ ವರ್ಷ ಬೆಂಗಳೂರಿನಿಂದ ಒಂದು ತಂಡ ಅದೇ ಹೆಸರು ಹೊತ್ತು ಮುಂಬಯಿಗೆ ಬಂತು, ಆಡಿತು, ಗೆದ್ದು ಕಪ್ಪು ತೆಗೆದುಕೊಂಡು ಹೋಯಿತು. ಆ ದಿನ ಆ ಹೆಸರಿನಿಂದ ಮೈದಾನಕ್ಕೆ ಮೈಲಿಗೆಯಾಗಲಿಲ್ಲ. ಇಷ್ಟು ವರ್ಷಗಳಾದ ಮೇಲೆ ನಮ್ಮ ಷೀಲ್ಡಿಗೆ ಹೇಗೆ ಆಗುತ್ತದೆ?

ಸಭೆಯಲ್ಲಿ ಎದ್ದ ಇನ್ನೊಂದು ಪ್ರಶ್ನೆ ಇದಕ್ಕಿಂತ ಆಳದ್ದು. "ಅವರು ಕನ್ನಡಿಗರೇ?"

ಬಂಧುಗಳೇ, ಈ ಪ್ರಶ್ನೆಯನ್ನು ಮುಂಬಯಿಯಲ್ಲಿ ನಿಂತು ಕೇಳುವ ಧೈರ್ಯ ನಮಗೆ ಎಲ್ಲಿಂದ ಬಂತು? ನಮ್ಮ ಸಂಘದ ಪಟ್ಟಿಯನ್ನು ತೆಗೆದು ಒಬ್ಬೊಬ್ಬರ ಮನೆಮಾತು ಯಾವುದೆಂದು ಬರೆಯಿರಿ. ತುಳು ಎಷ್ಟು, ಕೊಂಕಣಿ ಎಷ್ಟು, ಬ್ಯಾರಿ ಎಷ್ಟು, ಸೊಲ್ಲಾಪುರದ ಕಡೆಯ ನೇಕಾರ ಅಣ್ಣಂದಿರ ತೆಲುಗು ಎಷ್ಟು! ಮನೆಯಲ್ಲಿ ಒಂದು, ಗಿರಾಕಿಯ ಹತ್ತಿರ ಹಿಂದಿ, ಮುನಿಸಿಪಾಲಿಟಿಯ ಗುಮಾಸ್ತನ ಹತ್ತಿರ ಮರಾಠಿ, ಸಂಘಕ್ಕೆ ಬಂದು ಕೂತಾಗ ಕನ್ನಡ. ಹೀಗೆ ಬದುಕಿದವರು ನಾವು. ಮನೆಮಾತಿನ ಜರಡಿ ಹಿಡಿದರೆ ಈ ಪತ್ರಿಕೆಯನ್ನು ಓದುವವರಲ್ಲಿಯೇ ಅರ್ಧ ಜನ ಕೆಳಗೆ ಉದುರಿಹೋಗುತ್ತಾರೆ. ನಮ್ಮನ್ನು ಇಲ್ಲಿ "ಮದ್ರಾಸಿ" ಎಂದು ಕರೆದು ಹೋಟೆಲಿನ ಗಾಜು ಒಡೆದ ಕಾಲವನ್ನು ಹಿರಿಯರು ಮರೆತಿಲ್ಲ. 1960ರ ದಶಕದ ಕೊನೆಯಲ್ಲಿ ಉಡುಪಿ ಹೋಟೆಲುಗಳ ಮುಂದೆ ಘೋಷಣೆ ಕೂಗಿದವರು ನಮ್ಮನ್ನು ಕೇಳಿದ ಪ್ರಶ್ನೆಯೂ ಇದೇ: ನೀವು ಇಲ್ಲಿಯವರೇ? ಆ ಪ್ರಶ್ನೆಯ ಪೆಟ್ಟು ತಿಂದವರು ಅದೇ ದೊಣ್ಣೆಯನ್ನು ಇನ್ನೊಬ್ಬರ ಮೇಲೆ ಎತ್ತುವುದು ಶೋಭಿಸದು. ಬೆಂಗಳೂರಿನ ಮಣ್ಣಿನಲ್ಲಿ ಆಡಿ, ಬೆಂಗಳೂರಿನ ಹೆಸರನ್ನು ಅಂಗಿಯ ಮೇಲೆ ಹೊತ್ತು, ಬೆಂಗಳೂರಿಗೇ ಕಪ್ಪನ್ನು ಒಯ್ದವರು ಬೆಂಗಳೂರಿನವರಲ್ಲದಿದ್ದರೆ ಮತ್ಯಾರು?

ಈ ಮೈದಾನಗಳಿಂದ ಮುಂದೆ ಎಂತೆಂಥವರು ಬಂದರೆಂಬುದನ್ನೂ ಹೇಳದೆ ಬಿಡಲಾಗದು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಮೈಸೂರು ಸೀಮೆಯವರು ಒಬ್ಬಿಬ್ಬರಲ್ಲ: ವರದರಾಜ್, ಬಷೀರ್, ಅಹಮದ್ ಖಾನ್, ಧನರಾಜ್, ವಜ್ರವೇಲು, ರಾಮನ್. ಜುಲೈ 31ರಂದು ಫ್ರಾನ್ಸಿನ ಎದುರು ಆಟ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ಒಂದು ಗೋಲು ಮುಂದೆ ಇದ್ದಾಗ 70ನೆಯ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಹೊಡೆದರು. ಅದು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿ, ಆಟ ಮುಗಿಯಲು ನಿಮಿಷವಿರುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ನಾಲ್ಕು ವರ್ಷದ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮ ಮೇಲೆ 10 ಗೋಲು ಹೊಡೆಯಿತು. ನಾವು ಹೊಡೆದದ್ದು ಒಂದು. ಅದನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಸ್ವತಂತ್ರ ಭಾರತ ತನ್ನ ಮೊದಲ ಎರಡು ಒಲಿಂಪಿಕ್ಸಿನಲ್ಲಿ ಹೊಡೆದದ್ದು ಒಟ್ಟು ಎರಡೇ ಗೋಲು, ಎರಡೂ ನಮ್ಮ ಕಡೆಯವರ ಕಾಲಿನಿಂದ! ಈ ಮಾತನ್ನು ಯಾವ ರಾಜ್ಯೋತ್ಸವದ ವೇದಿಕೆಯ ಮೇಲೆ ಕೇಳಿದ್ದೀರಿ?

ಲಂಡನ್ ತಂಡದಲ್ಲಿ ಮುಂಬಯಿಯಿಂದ ಹೋದ ಇನ್ನೊಬ್ಬ ಗೋಲ್‌ಕೀಪರ್ ಇದ್ದರು: ಸಂಜೀವ ಉಚ್ಚಿಲ. ಆ ಉಪನಾಮ ಯಾವ ಕಡಲತೀರದ್ದೆಂದು ನಮ್ಮ ಕರಾವಳಿಯ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ. ಮೆಸ್ಸಿಯ ಅಂಗಿ ತೊಟ್ಟ ನಾಲ್ವರಲ್ಲಿ ಇಬ್ಬರು ಅದೇ ತೀರದವರು.

ಅಹಮದ್ ಖಾನರು 1949ರಿಂದ ಹತ್ತು ವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಆಡಿದರು. ಅವರು, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ ಈ ಐವರು ದಕ್ಷಿಣದವರನ್ನು ಅಲ್ಲಿಯ ಜನ ಪಂಚಪಾಂಡವರೆಂದು ಕರೆದರು. 1951ರ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ದಿಲ್ಲಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಖಾನರಿದ್ದರು. 2017ರ ಆಗಸ್ಟಿನಲ್ಲಿ, 90ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಅವರನ್ನು ಪಾಂಡವರೆಂದು ಕರೆದವರು ಬಂಗಾಳಿಗಳು. ನಾವು ಏನೆಂದು ಕರೆದೆವು? 2023ರಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಾಗ, 54 ವರ್ಷಗಳ ನಂತರ ಎಂದು ಎಲ್ಲರೂ ಬರೆದರು. ಆ 54 ವರ್ಷಗಳ ಹಿಂದೆ ಗೆದ್ದವರು ಯಾರು, ಅದಕ್ಕೂ ಹಿಂದೆ 1946ರಲ್ಲಿ, 1952ರಲ್ಲಿ ಬಂಗಾಳವನ್ನು ಸೋಲಿಸಿ ಮೈಸೂರಿಗೆ ಅದನ್ನು ತಂದವರು ಯಾರು, ಎಂದು ಬರೆಯುವಷ್ಟು ಶಾಯಿ ಉಳಿಯಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಒಬ್ಬ ಹಿರಿಯ ಗಿರಣಿ ಕಾರ್ಮಿಕರು ನಮ್ಮನ್ನು ನೇರವಾಗಿ ಕೇಳಿದರು: "ತಮ್ಮಾ, ಹೋಟೆಲ್ ಹುಡುಗರಿಗೆ ಎಂಟು ತಾಸಿನ ಕೆಲಸ ಇನ್ನೂ ಸಿಕ್ಕಿಲ್ಲ. ಗಿರಣಿ ಮುಚ್ಚಿದವರಿಗೆ ಮನೆ ಕೊಡುತ್ತೇವೆಂದವರು ಕೊಟ್ಟು ಮುಗಿಸಿಲ್ಲ. ಚೆಂಡಾಟದ ಹೆಸರಿಗಾಗಿ ಯಾಕೆ ಜಗಳ?" ಈ ಪ್ರಶ್ನೆಗೆ ಗೌರವದಿಂದ ಉತ್ತರ ಹೇಳುತ್ತೇವೆ. ಇದು ಚೆಂಡಾಟದ ಜಗಳವಲ್ಲ, ಕೂಲಿಯ ಜಗಳವೇ.

ಆಟಗಾರನೂ ದುಡಿಯುವವನು. ಅವನ ಬಂಡವಾಳ ಎರಡು ಕಾಲು. ಅವನಾಡುವ ಆಟಕ್ಕೆ ಟಿಕೀಟು ಮಾರುತ್ತಾರೆ. ಆ ದುಡ್ಡು ಸಂಸ್ಥೆಗೆ ಸೇರುತ್ತದೆ, ಕ್ಲಬ್ಬಿಗೆ ಸೇರುತ್ತದೆ. ಆದರೆ ಆ ಕಾಲದಲ್ಲಿ ಕಾನೂನಿನ ಪ್ರಕಾರ ಆತ ಹವ್ಯಾಸಿ, ಸಂಬಳ ಕೇಳಕೂಡದು. ಕೇಳಿದರೆ ಆಟದ ಪಾವಿತ್ರ್ಯ ಕೆಡುತ್ತದೆ! ಧಣಿಗಳ ಬಾಯಲ್ಲಿ ಈ ಮಾತು ನಾವು ಬೇರೆ ಕಡೆ ಕೇಳಿಲ್ಲವೇ? "ನೀನು ನಮ್ಮ ಮನೆಯ ಹುಡುಗ ಇದ್ದ ಹಾಗೆ, ಓವರ್‌ಟೈಮ್ ಲೆಕ್ಕ ಯಾಕೆ?" ಹವ್ಯಾಸಿ ಎಂಬುದು ಆಟಗಾರನ ಪಾಲಿನ "ಮನೆಯ ಹುಡುಗ". ಹೆಚ್ಚೆಂದರೆ ಒಂದು ನೌಕರಿ ಕೊಡುತ್ತಿದ್ದರು. ಹೈದರಾಬಾದಿನವರು ಪೊಲೀಸರಾದರು, 1950ರಿಂದ 1954ರವರೆಗೆ ಐದು ವರ್ಷ ಬಿಡದೆ ಇದೇ ರೋವರ್ಸ್ ಕಪ್ಪನ್ನು ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅದು. ಮುಂಬಯಿಯಲ್ಲಿ ಟಾಟಾ ತಂಡ, 1958ರಲ್ಲಿ ಕಪ್ಪು ಗೆದ್ದ ಕ್ಯಾಲ್ಟೆಕ್ಸ್ ತಂಡ, ಆಮೇಲೆ ಮಫತ್‌ಲಾಲ್ ಗಿರಣಿಯ ತಂಡ. ಆಡುವಷ್ಟು ದಿನ ಹಾಜರಿ ಪುಸ್ತಕದಲ್ಲಿ ಹೆಸರು. ಮೊಣಕಾಲು ಹೋದ ದಿನ ಆತ ಸಾದಾ ಗುಮಾಸ್ತ, ಸಾದಾ ಕಾನ್‌ಸ್ಟೇಬಲ್, ಸಾದಾ ಬದಲಿ. ಗಿರಣಿಯ ಭೋಂಗಾ ನಿಂತಾಗ ಗಿರಣಿಯ ತಂಡವೂ ನಿಂತಿತು. 1982ರ ಜನವರಿಯಲ್ಲಿ ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಬೀದಿಗಿಳಿದ ಮುಷ್ಕರದ ನಂತರ ಸಾಂಚೆಗಳನ್ನು ಗುಜರಿಗೆ ಮಾರಿದರು. ಕಪಾಟಿನೊಳಗಿನ ಕಪ್ಪುಗಳನ್ನು ಯಾರು ವಿಚಾರಿಸುತ್ತಾರೆ? ಆಟಗಾರನಿಗೆ ಸಂಬಳ ಕೊಡುವ ರಾಷ್ಟ್ರೀಯ ಲೀಗು ಈ ದೇಶದಲ್ಲಿ ಹುಟ್ಟಿದ್ದು 1996ಕ್ಕೆ. ಬೆಂಗಳೂರು ಮುಸ್ಲಿಮ್ಸ್ ಗೆದ್ದು 59 ವರ್ಷಗಳಾದ ಮೇಲೆ. ರೋವರ್ಸ್ ಕಪ್ಪು ಅದರ ಹಿಂದೆಯೇ, ಈ ಶತಮಾನದ ಮೊದಲಿಗೆ, ನಿಂತೇಹೋಯಿತು.

ದುಡಿದವನ ಹೆಸರನ್ನು ಅಳಿಸುವುದು ಅವನ ಕೂಲಿಯನ್ನು ಕೊಡದಿರುವುದರ ಮುಂದಿನ ಮೆಟ್ಟಿಲು. ಹೆಸರಿಲ್ಲದವನಿಗೆ ಬಾಕಿ ಯಾವುದು, ಪಿಂಚಣಿ ಯಾವುದು? ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದೆ ಹುಡುಗರನ್ನು ದುಡಿಸುವ ಹೋಟೆಲುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಈಗ ಷೀಲ್ಡಿನ ವಿಷಯಕ್ಕೆ ಬರುತ್ತೇವೆ. ನಮ್ಮ ಸಂಘದ ಭಾನುವಾರದ ಫುಟ್‌ಬಾಲ್ ಪಂದ್ಯಗಳಿಗೆ ಈ ವರ್ಷ ಹೊಸ ಷೀಲ್ಡು ಬರುತ್ತದೆ. ಅದರ ಖರ್ಚನ್ನು ಒಬ್ಬ ಹೋಟೆಲ್ ಮಾಲೀಕರು ವಹಿಸಿಕೊಂಡಿದ್ದಾರೆ. ಅದಕ್ಕೆ ಅವರ ತೀರ್ಥರೂಪರ ಹೆಸರಿಡಬೇಕೆಂಬ ಸೂಚನೆ ಬಂದಿದೆ. ತಂದೆಯ ಮೇಲಿನ ಭಕ್ತಿ ಒಳ್ಳೆಯದೇ. ಆದರೆ ಹೋದ ವರ್ಷದ ಪಂದ್ಯದಲ್ಲಿ ಇಬ್ಬರು ಹುಡುಗರು ಗಾಯಗೊಂಡರು. ಒಬ್ಬನ ಮಣಿಕಟ್ಟಿನ ಎಲುಬು ಮುರಿಯಿತು. ತಟ್ಟೆ ಎತ್ತುವವನಿಗೆ ಮಣಿಕಟ್ಟು ಮುರಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಅವನ ಮಾಲೀಕರು ಆರು ವಾರದ ಸಂಬಳ ಹಿಡಿದರು, ಮಲಗುವ ಜಾಗವನ್ನೂ ಬೇರೆ ಹುಡುಗನಿಗೆ ಕೊಟ್ಟರು. ಡಾಕ್ಟರ ಖರ್ಚಿಗೆ ಚಾಳಿನ ಖೋಲಿ ಖೋಲಿಗೆ ಹೋಗಿ ಹತ್ತು ಇಪ್ಪತ್ತು ಎತ್ತಿದವರು ನಮ್ಮ ಸದಸ್ಯರೇ. ಬೆಳ್ಳಿಯ ಷೀಲ್ಡಿಗೆ ಹಣವಿದೆ, ಎಲುಬಿಗೆ ಪಟ್ಟಿ ಕಟ್ಟಲು ಇಲ್ಲ! ಆ ಹುಡುಗರು ಆಡುವ ಆಟದ ಮೇಲೆ ಮಾಲೀಕವರ್ಗದ ಹೆಸರು ಕೆತ್ತುವುದನ್ನು ನಾವು ಒಪ್ಪುವುದಿಲ್ಲ. ದಾನವನ್ನು ಬೇಡವೆನ್ನುತ್ತಿಲ್ಲ. ದಾನಿಗಳು ಬೇಕಾದರೆ ಅದೇ ಹಣವನ್ನು ಗಾಯಾಳು ನಿಧಿಗೆ ಕೊಡಲಿ, ಅವರ ತಂದೆಯವರ ಹೆಸರನ್ನು ಆ ನಿಧಿಗೆ ಇಡೋಣ. ಹೆಚ್ಚು ಪುಣ್ಯ ಅಲ್ಲೇ ಇದೆ.

ಷೀಲ್ಡಿಗೆ ಇಡಬೇಕಾದ ಹೆಸರು "1937ರ ಬೆಂಗಳೂರು ತಂಡದ ಸ್ಮಾರಕ ಷೀಲ್ಡು". ಇದು ನಮ್ಮ ಸೂಚನೆ. ಮುಸ್ಲಿಮ್ಸ್ ಎಂಬ ಪದವನ್ನು ಬಿಟ್ಟು ಬರೆಸಿದರೆ ಎಲ್ಲರಿಗೂ ಒಪ್ಪಿಗೆಯಾದೀತೆಂದು ಕೆಲವರು ರಾಜಿಗೆ ಬಂದಿದ್ದಾರೆ. ಒಪ್ಪಲಾರೆವು. ಷೀಲ್ಡಿನ ಮುಂಭಾಗದಲ್ಲಿ ತಂಡದ ಪೂರ್ಣ ಹೆಸರು, ಅವರು ಗೆದ್ದ ಮೂರು ವರ್ಷಗಳೊಡನೆ, ಕನ್ನಡ ಅಕ್ಷರದಲ್ಲಿ ಇರತಕ್ಕದ್ದು. ಹೆಸರು ಕತ್ತರಿಸಿ ಮರ್ಯಾದೆ ಮಾಡುವುದು ಮೂಗು ಕೊಯ್ದು ನತ್ತು ತೊಡಿಸಿದಂತೆ.

ಮರೆತವರನ್ನು ನೆನೆಯುವುದು ಆಗದ ಕೆಲಸವೇನೂ ಅಲ್ಲ. 1956ರಲ್ಲಿ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದು ಭಾರತವನ್ನು ನಾಲ್ಕನೆಯ ಸ್ಥಾನದ ದಾರಿಗೆ ಹಚ್ಚಿದ ನೆವಿಲ್ ಡಿಸೋಜಾ ಈ ಮುಂಬಯಿಯವರು. ಬಾಂದ್ರಾದ ಮೈದಾನಕ್ಕೆ ಅವರ ಹೆಸರಿದೆ. ಹೈದರಾಬಾದ್ ಪೊಲೀಸ್ ತಂಡವನ್ನೂ, 1962ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ಭಾರತ ತಂಡವನ್ನೂ ತಯಾರು ಮಾಡಿದ ರಹೀಮ್ ಸಾಹೇಬರು 1963ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕತೆ ಸಿನಿಮಾ ಆಗಿ ತೆರೆಗೆ ಬಂದದ್ದು 2024ರಲ್ಲಿ. 61 ವರ್ಷ ತಡ, ಆದರೂ ಬಂತು. ನಮಗೆ ಸಿನಿಮಾ ಬೇಡ. ಒಂದು ಹಲಗೆ ಸಾಕು.

ಆದ್ದರಿಂದ ಬರುವ ಸಾಮಾನ್ಯ ಸಭೆಯ ಮುಂದೆ ಎರಡು ಠರಾವುಗಳು ಬರುತ್ತವೆ: ಷೀಲ್ಡಿನ ಹೆಸರಿನದು ಒಂದು, ಗಾಯಾಳು ನಿಧಿಯದು ಒಂದು. ಎರಡನ್ನೂ ಒಟ್ಟಿಗೇ ಮತಕ್ಕೆ ಹಾಕಬೇಕೆಂಬುದು ನಮ್ಮ ಹಟ. ರಾತ್ರಿ ಪಾಳಿಯವರಿಗೂ ಬರಲು ಅನುಕೂಲವಾಗುವಂತೆ ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಟ್ಟಿದೆ. ಅಷ್ಟರೊಳಗೆ, ನಮ್ಮ ಓದುಗರಲ್ಲಿ ಹಲಸೂರು, ಶಿವಾಜಿನಗರಗಳ ಕಡೆ ನೆಂಟರಿರುವವರು ಊರಿಗೆ ಹೋದಾಗ ಹಳಬರನ್ನು ಕೇಳಲಿ. ಅಜ್ಜನ ಪೆಟ್ಟಿಗೆಯಲ್ಲಿ ತಂಡದ ಪಟ ಇದ್ದೀತು, ಪತ್ರಿಕೆಯ ತುಂಡು ಇದ್ದೀತು, ಪದಕ ಇದ್ದೀತು. ಈ ಮುಂಬಯಿಯಲ್ಲೇ ಕೂಪರೇಜಿನ ಬೇಲಿ ಹಾರಿ ಆಟ ನೋಡಿದ ಹಿರಿಯರ ಮಕ್ಕಳಿದ್ದಾರೆ. ಅವರು ತಂದೆಯ ಬಾಯಿಂದ ಕೇಳಿದ್ದನ್ನು ಹೇಳಲಿ. ಪ್ರತಿ ಸೋಮವಾರ ಸಂಜೆ ಆರರಿಂದ ಒಂಬತ್ತರವರೆಗೆ ನಾವು ಕಚೇರಿಯಲ್ಲಿ ನೋಟುಬುಕ್ಕು ಇಟ್ಟುಕೊಂಡು ಕೂತಿರುತ್ತೇವೆ. ಒಂದೊಂದು ಹೆಸರಿಗೂ ಒಂದೊಂದು ಪುಟ ಬಿಟ್ಟಿದ್ದೇವೆ. ಚಹಾದ ಖರ್ಚು ಸಂಘದ್ದಲ್ಲ, ನಮ್ಮದು.